ಎರಡು ಅಂಕದ ಪ್ರಶ್ನೆ

ನರಿನ್ ನದಿ ಹೆಪ್ಪುಗಟ್ಟಿದ ವಾರ.
ಏಳನೇ ತರಗತಿಯ ಮೂವತ್ತೊಂದು ಉತ್ತರಪತ್ರಿಕೆ ಒಲೆಯ ಪಕ್ಕ;
ಕುರಿಹಿಕ್ಕೆಯ ಬೆರಣಿ ಉರಿಯುವುದಕ್ಕೂ ಸೋಮಾರಿ.
ಕೆಂಪು ಶಾಯಿ ಪೆನ್ನಿನೊಳಗೆ ಕಲ್ಲಾಗಿದೆ.
ಕಂಕುಳಲ್ಲಿಟ್ಟು ಕೂತಿದ್ದೇನೆ,
ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ.

ಒಂದನೇ ಪ್ರಶ್ನೆ: ಗಿಡ ತನ್ನ ಊಟ ಮಾಡಿಕೊಳ್ಳುವುದು ಹೇಗೆ?
ಮೂವತ್ತು ಮಂದಿ ಬರೆದದ್ದು ಒಂದೇ ಸಾಲು:
ಬೆಳಕು, ನೀರು, ಗಾಳಿಯ ಇಂಗಾಲ, ಎಲೆಯ ಹಸಿರು.
ಹಲಗೆಯ ಮೇಲೆ ನಾನೇ ಬರೆದದ್ದು, ಅಲ್ಪವಿರಾಮ ಸಮೇತ.
ಬೆಟ್ಟಕ್ಕೆ ಕೂಗಿದಂತೆ
ನನ್ನ ದನಿ ಮೂವತ್ತು ಸಲ ನನಗೇ ಮರಳಿತು.
ಅಂಕ ಕೊಟ್ಟೆ. ಕೊಡದೆ ಏನು ಮಾಡಲಿ,
ಉತ್ತರ ಸರಿಯಿದೆ.

ಮೂವತ್ತೊಂದನೆಯದು ಕನಿಷಾಯಳದು.
ಅಕ್ಟೋಬರ್ ತನಕ ಶಾಲೆಗೆ ಬಾರದವಳು,
ಮೇಲಿನ ಹುಲ್ಲುಗಾವಲಲ್ಲಿ ಅಜ್ಜಿಯ ಮಂದೆ ಕಾಯುತ್ತಿದ್ದವಳು.
ಅವಳ ಅಕ್ಷರಗಳೂ ಕುರಿಗಳೇ,
ಗೆರೆ ಬಿಟ್ಟು ಮೇಯಲು ಹೋಗುತ್ತವೆ.

ಎರಡನೆಯದು: ಕೆಂಪು ರಕ್ತಕಣಗಳ ಕೆಲಸವೇನು?
"ಉಸಿರು ಹೊರುವುದು.
ಬಿಷ್ಕೆಕ್‌ನಿಂದ ಬಂದ ನಮ್ಮ ಎರ್ಮೆಕ್
ಕಣಿವೆ ಹತ್ತಿದ ಮೊದಲ ರಾತ್ರಿ ವಾಂತಿ ಮಾಡಿದ, ತಲೆ ಹಿಡಿದುಕೊಂಡು ಅತ್ತ.
ಅವನೊಳಗೆ ಕೂಲಿಗಳು ಕಡಿಮೆ, ಅಷ್ಟೇ.
ವಾರಗಳು ಹೋದಂತೆ ಕೂಲಿಗಳು ಹೆಚ್ಚಿದರು,
ಆಮೇಲೆ ಕುದುರೆಯ ಹಿಂದೆ ಓಡಿದ."
ಹಿಮೋಗ್ಲೋಬಿನ್ ಎಂಬ ಹೆಸರೇ ಇಲ್ಲ. ಅರ್ಧ ಅಂಕ ಕಳೆದೆ.
ಹಾಳೆ ತಿರುವಿದೆ. ಮತ್ತೆ ಹಿಂದಕ್ಕೆ ಬಂದೆ.
'ಕೂಲಿಗಳು' ಎಂಬುದರ ಕೆಳಗೆ ಗೆರೆ ಎಳೆದು
ಅರ್ಧವನ್ನು ಮರಳಿಸಿದೆ.

ಸೂಕ್ಷ್ಮಜೀವಿಗಳ ಒಂದು ಉಪಯೋಗ?
"ಕುಮಿಸ್. ಹೆಣ್ಣು ಕುದುರೆಯ ಹಾಲು, ಹೊಗೆ ಹಿಡಿದ ತೊಗಲಿನ ಚೀಲ.
ಹೊಸ ಹಾಲಿಗೆ ಹಳೆಯದೇ ಹೆಪ್ಪು,
ಚೀಲವನ್ನು ನಾವು ಪೂರ್ತಿ ಬರಿದು ಮಾಡುವುದಿಲ್ಲ.
ಯೀಸ್ಟ್ ಅಂದರೆ ಅಜ್ಜಿ ನಗುತ್ತಾಳೆ.
ತಳದಲ್ಲಿ ಉಳಿದದ್ದಕ್ಕೆ ಅವಳು ಅಮ್ಮ ಅನ್ನುತ್ತಾಳೆ."

ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.
ಖಾಲಿ ಜಾಗ. ಮೂಲೆಯಲ್ಲಿ: "ಪೆನ್ಸಿಲ್ ಇರಲಿಲ್ಲ."
ಸೊನ್ನೆ.

ಕೊನೆಯದು ಸುಲಭದ್ದು, ಯಾರೂ ಫೇಲಾಗದಿರಲೆಂದು ಇಟ್ಟದ್ದು:
ಜೀವವಿರುವುದು, ಜೀವವಿಲ್ಲದ್ದು, ಕೋಷ್ಟಕದಲ್ಲಿ ಬರೆಯಿರಿ.
ಎಡಕ್ಕೆ ಅವಳು ಬರೆದದ್ದು ಕುರಿ, ಹುಲ್ಲು, ಅಜ್ಜಿ.
ಬಲಕ್ಕೆ ಕಲ್ಲು, ಜೀನು, ಹಿಮ.
ನಡುವಿನ ಗೆರೆಯ ಮೇಲೆ, ಗೆರೆಯನ್ನೇ ತುಳಿದು,
'ಮರಿ'.
ಕೆಳಗೆ ಸಣ್ಣಕ್ಷರದಲ್ಲಿ:

"ಏಪ್ರಿಲ್‌ನಲ್ಲಿ ಹಿಮದಲ್ಲೇ ಹುಟ್ಟಿತು. ಸೌದೆತುಂಡಿನ ಹಾಗೆ ಬಿದ್ದಿತ್ತು.
ಮೂಗಿಗೆ ಗರಿ ಹಿಡಿದೆ, ಗರಿ ಅಲುಗಲಿಲ್ಲ.
ಅಜ್ಜಿ ಒಣಹುಲ್ಲಿನಿಂದ ಉಜ್ಜಿದಳು, ಬಾಯಿಗೆ ಬಾಯಿಟ್ಟು ಊದಿದಳು,
ಕೋಟಿನೊಳಗೆ ಸೇರಿಸಿಕೊಂಡು ಒಲೆಯ ಮುಂದೆ ಕೂತಳು.
ಚಹಾ ಕುದಿಯುವಷ್ಟು ಹೊತ್ತು ಏನೂ ಇಲ್ಲ.
ಆಮೇಲೆ ಸೀನಿತು.
ಝೂರಾ ಎಜೆ, ಆ ಚಹಾ ಕುದಿಯುವಷ್ಟು ಹೊತ್ತು
ಅದನ್ನು ಯಾವ ಕಡೆ ಬರೆಯಬೇಕು?"

ಮಾದರಿ ಉತ್ತರ ನನ್ನ ಮುಂದೆಯೇ ಇದೆ:
ಉಸಿರಾಟ, ಚಲನೆ, ಬೆಳವಣಿಗೆ, ಸಂತಾನ.
ಇಪ್ಪತ್ತೆರಡು ವರ್ಷ ಈ ನಾಲ್ಕನ್ನು
ಬೆರಳು ಮಡಚಿ ಮಡಚಿ ಕಲಿಸಿದ್ದೇನೆ.
ಕಪಾಟಿನ ಡಬ್ಬಿಯಲ್ಲಿ ಬಿತ್ತನೆ ಗೋಧಿ ಇದೆ,
ಕೊಯ್ಲಾದಾಗಿನಿಂದ ಅಲುಗಿಲ್ಲ, ಬೆಳೆದಿಲ್ಲ.
ಅದನ್ನೆಂದೂ ನಾನು ಬಲಕ್ಕೆ ಬರೆದವಳಲ್ಲ;
ಯಾಕೆಂದು ಯಾರೂ ಕೇಳಿರಲಿಲ್ಲ.

ಪೆನ್ನು ಬಿಸಿಯಾಗಿ ಶಾಯಿ ಇಳಿಯುತ್ತಿದೆ.
ಅಂಕದ ಜಾಗ ಹಾಗೇ ಬಿಟ್ಟು
ಪಕ್ಕದಲ್ಲಿ ಬರೆದೆ:
ಗೊತ್ತಿಲ್ಲ, ಕನಿಷಾಯ್.
ಸೋಮವಾರ ಎಲ್ಲರನ್ನೂ ಕೇಳೋಣ.
ಪೆನ್ಸಿಲ್ ನಾನು ತರುತ್ತೇನೆ.
ಮರಿಗೆ ಏನು ಹೆಸರಿಟ್ಟಿರಿ?